ಅಣ್ಣನ ಪಕ್ಕದ ಮಣೆ

"ಗುರುಗಳೇ, ಹದಿನಾಲ್ಕು ದಿನ ಕಣ್ಣಿಗೆ ಬಿದ್ದದ್ದನ್ನೆಲ್ಲ ತಿಂದುಬಿಟ್ಟೆ" ಎಂದ ಶಿಷ್ಯ. "ನಾಳೆ ಏಕಾದಶಿ. ಒಂದು ದಿನ ನೀರನ್ನೂ ಮುಟ್ಟದೆ ಇದ್ದುಬಿಡುತ್ತೇನೆ. ಎಲ್ಲ ತೊಳೆದುಹೋಗುತ್ತದಲ್ಲವೇ?"

ಗುರುಗಳು ನಕ್ಕರು. "ಕೂತುಕೋ ಮಗು. ಒಬ್ಬ ಅಡುಗೆ ಭಟ್ಟನ ಕತೆ ಕೇಳು."

ಒಂದು ಊರಿನಲ್ಲಿ ಒಬ್ಬ ಅಡುಗೆ ಭಟ್ಟನಿದ್ದ. ಮದುವೆಯ ಲಾಡು ಎಂದರೆ ಅವನ ಕೈಯದೇ. ಬೆರಳಲ್ಲಿ ಪಾಕ ಹಿಡಿದು ಎಳೆ ನೋಡುವನು, ಮರುಗಳಿಗೆ ಆ ಬೆರಳು ಬಾಯಿಗೆ. ಬೂಂದಿ ಒಂದೊಂದು ಒಬ್ಬೆ ಕರಿದು ತೆಗೆದಾಗಲೂ ಒಂದು ಹಿಡಿ, ಉಂಡೆ ಕಟ್ಟುವಾಗ ಇನ್ನೊಂದು ಹಿಡಿ. "ರುಚಿ ನೋಡದೆ ಬಡಿಸಲಾಗುತ್ತದೆಯೇ?" ಎನ್ನುವನು. ಎಲ್ಲರ ಊಟ ಮುಗಿದ ಮೇಲೆ, ಸಂಜೆ ನಾಲ್ಕಕ್ಕೆ, ಅನ್ನದ ಗುಡ್ಡದ ಮುಂದೆ ಕೂರುವನು.

ಅವನ ಅಣ್ಣನೂ ಅಡುಗೆಯವನೇ. ಸಕ್ಕರೆ ಕಾಯಿಲೆ ಅಣ್ಣನ ಎಡಗಾಲನ್ನು ನುಂಗಿತ್ತು. ಈಗ ಅವನು ಹಿತ್ತಲ ಒಲೆಯ ಬದಿಯಲ್ಲಿ ಮಣೆ ಹಾಕಿಕೊಂಡು ಕುಂಬಳಕಾಯಿ ಹೆಚ್ಚುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಮಣೆ ಖಾಲಿ ಬಿದ್ದಿರುತ್ತಿತ್ತು. ತಮ್ಮನು ಬೆರಳು ನೆಕ್ಕಿದಾಗಲೆಲ್ಲ ಅಣ್ಣ ಆ ಮಣೆ ತಟ್ಟಿ, "ಬಾರೋ ತಮ್ಮಾ, ನಿನ್ನ ಜಾಗ ಒರೆಸಿಟ್ಟಿದ್ದೇನೆ" ಎನ್ನುತ್ತಿದ್ದ. ನಗುತ್ತಲೇ ಹೇಳುತ್ತಿದ್ದ. ತಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ನಿಂತು ಮಾಡುವ ಕೆಲಸ ಅವನದು. ಕಾಲು ಹೋದರೆ ಸೌಟೂ ಹೋದಂತೆ.

ಹೆದರಿಕೆ ತಡೆಯದೆ ಸಕ್ಕರೆಯ ರಕ್ತ ಪರೀಕ್ಷೆಗೆ ಹೆಸರು ಬರೆಸಿದ. ಬರೆಸಿದವನು ಒಂದು ಉಪಾಯವನ್ನೂ ಹೂಡಿದ. ಮೂರು ದಿನ ಸಕ್ಕರೆ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ಹಾಗಲಕಾಯಿ ರಸ ಕುಡಿದು ಮುಖ ಕಿವುಚಿಕೊಂಡು ಓಡಾಡಿದ. ನಾಲ್ಕನೆಯ ದಿನ ದಂಡೆತ್ತಿ ಹೊರಟ ರಾಜನಂತೆ ಹೋಗಿ ತೋಳು ಚಾಚಿದ.

ಪರೀಕ್ಷೆ ಮಾಡುವ ಹೆಣ್ಣುಮಗಳು ಚೀಟಿ ನೋಡಿ ಹೇಳಿದಳು: "ಆರೂವರೆ ಮುಟ್ಟಿದರೆ ಕಾಯಿಲೆ, ಭಟ್ಟರೇ. ನಿಮ್ಮದು ಆರು ಪಾಯಿಂಟ್ ಮೂರು. ಹೊಸ್ತಿಲ ಮೇಲೆ ನಿಂತಿದ್ದೀರಿ."

"ಅದು ಹೇಗೆ ತಾಯಿ? ಮೂರು ದಿನದಿಂದ ನಾನು ಸನ್ಯಾಸಿ!"

"ಮೂರು ದಿನದ ಮಾತಿಗೆ ಮರುಳಾಗುವ ಪರೀಕ್ಷೆಯಲ್ಲ ಇದು. ರಕ್ತದ ಕಣ ಮೂರು ನಾಲ್ಕು ತಿಂಗಳು ಬದುಕುತ್ತದೆ. ಬದುಕಿರುವಷ್ಟು ದಿನವೂ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ. ಪಾಕ ಕುಡಿದ ಬೂಂದಿಯನ್ನು ತೊಳೆದರೆ ಸಿಹಿ ಹೋಗುತ್ತದೆಯೇ?"

ಭಟ್ಟನ ಮುಖ ಇಳಿಯಿತು. ಬೂಂದಿಯ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಹಾಗಾದರೆ ನನ್ನದು ಮುಗಿಯಿತು."

"ಮುಗಿದದ್ದು ಒಂದು ಒಬ್ಬೆ. ಮೈಯೊಳಗೆ ದಿನವೂ ಹೊಸ ಒಬ್ಬೆ ಏಳುತ್ತಲೇ ಇದೆ. ಅದನ್ನು ಪಾಕಕ್ಕೆ ಬೀಳದಂತೆ ಕಾಪಾಡಿಕೊಳ್ಳಿ. ಆರು ತಿಂಗಳಿಗೆ ಬನ್ನಿ."

ದಾರಿಯಲ್ಲಿ ಅವನಿಗೆ ಅಪ್ಪನ ನೆನಪಾಯಿತು. ಅಪ್ಪ ದೇವಸ್ಥಾನದ ಅಡುಗೆಯವನು. ನೈವೇದ್ಯಕ್ಕೆ ಮುಂಚೆ ಒಂದು ಹನಿಯನ್ನೂ ನಾಲಿಗೆಗೆ ಇಟ್ಟವನಲ್ಲ. ಉಪ್ಪನ್ನು ಮೂಗಿನಿಂದ ಅರಿಯುತ್ತಿದ್ದ, ಪಾಕವನ್ನು ಬೆರಳಿನಿಂದ. ಆ ವಿದ್ಯೆ ಮಗನಿಗೂ ಬಂದಿತ್ತು. ನಾಲಿಗೆ ಅದನ್ನು ಮರೆಸಿತ್ತು.

ಮರುದಿನ ಸೊಂಟಕ್ಕೆ ಒಂದು ಒದ್ದೆ ಬಟ್ಟೆ ಸಿಕ್ಕಿಸಿಕೊಂಡ. ಎಳೆ ನೋಡಿದ ಬೆರಳು ಬಾಯಿಗಲ್ಲ, ಬಟ್ಟೆಗೆ. ಪಾತ್ರೆಗಳು ಟೆಂಪೋದಲ್ಲಿ ಹೋದವು, ಇವನು ಛತ್ರಕ್ಕೆ ನಡೆದೇ ಹೋದ. ಹಸಿವು ಕೆರಳುವ ಮೊದಲೇ ಪಲ್ಯ ಗುಡ್ಡದಷ್ಟು, ಅನ್ನ ಹಿಡಿಯಷ್ಟು ಬಡಿಸಿಕೊಂಡು ಉಂಡ. ಒಂದು ಮದುವೆಯಲ್ಲಿ ಮಾತ್ರ ಮನಸ್ಸು ಸೋತು ನಾಲ್ಕು ಹೋಳಿಗೆ ಬಿಗಿದ. ಅದಕ್ಕೆಂದು ಉಪವಾಸ ಕೂರಲಿಲ್ಲ. ಮರುದಿನ ಎಂದಿನಂತೆ ನಡೆದ, ಎಂದಿನಂತೆ ಉಂಡ.

ಮದುವೆ ಮನೆಯ ಯಜಮಾನರಿಗೆ ಅನುಮಾನ. "ರುಚಿ ನೋಡಿದಿರಾ ಭಟ್ಟರೇ?"

"ನೋಡಲು ನೀವಿದ್ದೀರಲ್ಲ!"

ಪಂಕ್ತಿಯಲ್ಲಿ ಮೂರನೆಯ ಲಾಡಿಗೆ ಎಲೆ ತೋರಿಸಿದವರು ಆ ಯಜಮಾನರೇ.

ಹೀಗಿರಲು ಒಂದು ಬೆಳಿಗ್ಗೆ ಹಿತ್ತಲಲ್ಲಿ ಬೂಂದಿ ಕರಿಯುತ್ತಿದ್ದಾಗ ಫೋನು ಬಂತು. ಪರೀಕ್ಷೆಯ ಹೆಣ್ಣುಮಗಳು.

"ಭಟ್ಟರೇ, ಆರು ತಿಂಗಳಾಯಿತು. ನಿನ್ನೆಯೇ ಬರಬೇಕಿತ್ತಲ್ಲ?"

"ಎಲ್ಲಿಗೆ ತಾಯಿ?" ಎಂದ ಭಟ್ಟ.

ಕೈಯ ಕಡಲೆಹಿಟ್ಟು ಒರೆಸಿಕೊಂಡು ಇದ್ದ ಹಾಗೆಯೇ ನಡೆದು ಹೊರಟ. ಚೀಟಿ ಬಂತು: ಐದು ಪಾಯಿಂಟ್ ಐದು. ಅವಳು ಎರಡು ಸಲ ಓದಿದಳು. "ಹೊಸ್ತಿಲಿಂದ ಹಿಂದಕ್ಕೆ ಬಂದುಬಿಟ್ಟಿರಿ ಭಟ್ಟರೇ! ಈ ನಡಿಗೆ ಮಾತ್ರ ನಿಲ್ಲಿಸಬೇಡಿ."

ನಿಲ್ಲಿಸುವುದೆಲ್ಲಿ ಬಂತು? ಮನೆಯವರೆಗೂ ಅವನ ಕಾಲು ನೆಲಕ್ಕೆ ತಾಗಿತೋ ಇಲ್ಲವೋ. ಅಣ್ಣ ಕುಂಬಳಕಾಯಿ ಕೆಳಗಿಟ್ಟು ಚೀಟಿ ಓದಿದ. ತಮ್ಮನ ಎರಡು ಪಾದಗಳನ್ನೂ ಒಂದು ಗಳಿಗೆ ನೋಡಿದ. ಪಕ್ಕದ ಖಾಲಿ ಮಣೆಯನ್ನು ಎತ್ತಿ ಒಲೆಯೊಳಕ್ಕೆ ತುರುಕಿದ.

"ಇವತ್ತಿನ ಪಾಕ ಇದರ ಉರಿಯಲ್ಲೇ ಬರಲಿ ಕಣೋ!"

ಉರಿ ಭಗ್ಗೆಂದು ಎದ್ದಿತು. ಹಿತ್ತಲಲ್ಲಿದ್ದವರೆಲ್ಲ ಕೊಪ್ಪರಿಗೆಗೆ ಸೌಟು ಬಡಿದು ಕೂಗಿದರು.

ಶಿಷ್ಯನ ಮುಖವೂ ಅರಳಿತು. "ಗುರುಗಳೇ, ಅವನನ್ನು ಗೆಲ್ಲಿಸಿದ್ದು ಯಾವುದು? ನಡಿಗೆಯೋ, ಪಲ್ಯವೋ, ಆ ಒದ್ದೆ ಬಟ್ಟೆಯೋ?"

ಗುರುಗಳು ಹೇಳಿದರು: "ಪರೀಕ್ಷೆಯ ದಿನವೇ ಅವನಿಗೆ ಮರೆತುಹೋಗಿತ್ತಲ್ಲ, ಅದು."