ಗಂಜಿ ಕುಡಿದ ಬಟ್ಟೆ

"ಹಳಗುಂದದ ಪ್ರಜೆಗಳೇ ಕೇಳಿ! ರಾಜಕುಮಾರಿ ಕೆಂಚಾಂಬೆಗೆ ಬಿಳಿರಕ್ತದ ರೋಗ. ಅದನ್ನು ಸುಡುವ ವಿಷ ಗುಡ್ಡದ ರಕ್ಕಸಿಯ ಬಳಿ ಮಾತ್ರ ಇದೆ. ಎರಡು ಸಲ ಕುಡಿಸಿದರೂ ರೋಗ ಜಗ್ಗಲಿಲ್ಲ. ಉಳಿದಿರುವುದು ಒಂದೇ ಗುಟುಕು. ಅವಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರು ಅವಳ ತುತ್ತು!"

ಡಂಗುರ ಕೇಳಿ ಬಣ್ಣಗಾರರ ಸಾಕಿ ಅರಮನೆಗೆ ಬಂದಳು. ಅವಳ ಕೈ ಮೊಣಕೈವರೆಗೂ ನೀಲಿ.

ರಕ್ಕಸಿ ಅಂಗಳದಲ್ಲಿ ಕೂತಿದ್ದಳು. "ಅದೇ ವಿಷ ಒಂದು ಮೈಯಲ್ಲಿ ರೋಗವನ್ನು ಸುಡುತ್ತದೆ, ಇನ್ನೊಂದರಲ್ಲಿ ತೆಪ್ಪಗಿರುತ್ತದೆ. ಏಕೆ?"

"ಹಣೆಬರಹ," ಎಂದ ನೆರೆರಾಜ್ಯದ ರಾಜಕುಮಾರ. ಅವನ ಪೇಟ ಮಾತ್ರ ಉಳಿಯಿತು.

ಸಾಕಿ ರಾಣಿಯತ್ತ ತಿರುಗಿದಳು. "ವಿಷಕ್ಕೆ ಮುಂಚೆ ಏನು ಕುಡಿಸಿದಿರಿ, ಅಮ್ಮನವರೇ?"

"ಸೊಪ್ಪಿನ ಸಾರು. ಕಹಿಗೆ ಮುನ್ನ ಸಾರು, ಅದು ನಮ್ಮ ಮನೆತನದ ಪದ್ಧತಿ. ನಿನಗೇಕೆ ಅದು?"

"ಗಂಜಿ ಕುಡಿದ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಮೈಯ ಕಣಕಣದಲ್ಲಿ ಮೊದಲೇ ತುಂಬಿದ ಸಾರಿನ ಸತ್ವ ವಿಷವನ್ನು ತಡೆಯುತ್ತದೆ."

ರಕ್ಕಸಿ ಗುರುಗುಟ್ಟಿದಳು. "ಮನೆಯವರನ್ನೂ ಕಳ್ಳನನ್ನೂ ಒಟ್ಟಿಗೇ ಸಾಕುವುದು ಯಾವುದು?"

"ಭೂಮಿತಾಯಿ!" ಎಂದ ಆಸ್ಥಾನಪಂಡಿತ. ಅವನೂ ತುತ್ತಾದ.

"ಅದೇ ಸತ್ವ," ಎಂದಳು ಸಾಕಿ. "ಅದನ್ನು ಒಳ್ಳೆಯ ರಕ್ತವೂ ಉಣ್ಣುತ್ತದೆ, ಕಳ್ಳನಂತೆ ಹೊಕ್ಕ ಕೆಟ್ಟ ರಕ್ತವೂ ಉಣ್ಣುತ್ತದೆ."

ರಾಣಿಯ ಮುಖ ಬಿಳುಚಿತು. "ನನ್ನ ಕೈಯಿಂದಲೇ ರೋಗ ಬೆಳೆಯಿತು ಎನ್ನುತ್ತೀಯಾ?"

"ತಿಳಿಯದೆ ಆದದ್ದು, ಅಮ್ಮನವರೇ," ಎಂದಳು ಸಾಕಿ.

"ಕೊನೆಯದು," ಎಂದಳು ರಕ್ಕಸಿ. "ಕಳ್ಳ ಸಾಯಬೇಕು, ಮನೆಯವರು ಬದುಕಬೇಕು. ಇಬ್ಬರಿಗೂ ಒಂದೇ ಬಟ್ಟಲು. ಯಾವಾಗ ತುಂಬುತ್ತೀ?"

ಮೊದಲೇ ಸಾರು ತುಂಬಿದರೆ ಕಳ್ಳ ಉಳಿಯುತ್ತಾನೆ. ತುಂಬದಿದ್ದರೆ ಇಬ್ಬರೂ ಸಾಯುತ್ತಾರೆ. ಸಾಕಿ ತನ್ನ ನೀಲಿ ಕೈ ನೋಡಿಕೊಂಡಳು.

"ಬಣ್ಣ ಹಿಡಿದ ಮೇಲೆ ಗಂಜಿ. ವಿಷ ಕಳ್ಳನ ಕತ್ತು ಹಿಡಿದ ಮೇಲೆ ತುಂಬುತ್ತೇನೆ."

"ಅಷ್ಟರಲ್ಲಿ ಮನೆಯವರೇ ಸತ್ತರೆ?"

"ಸಾಯಲೂಬಹುದು. ಅದಕ್ಕೇ ಪಕ್ಕದಲ್ಲಿ ಕೂತು ಕಾಯಬೇಕು."

ರಕ್ಕಸಿ ವಿಷದ ಕುಡಿಕೆಯನ್ನು ಕೊಟ್ಟು ಗುಡ್ಡ ಹತ್ತಿದಳು.

ವಿಷ ಕುಡಿದ ಕೆಂಚಾಂಬೆ ಹೊರಳಾಡಿದಳು. "ಅವ್ವಾ, ಒಂದು ಗುಟುಕು ಸಾರು!"

"ಕೊಡಲೇನೇ?" ರಾಣಿ ಅತ್ತಳು.

"ಇನ್ನೂ ಇಲ್ಲ, ಅಮ್ಮನವರೇ." ಸಾಕಿ ರಾಜಕುಮಾರಿಯ ಉಗುರು ನೋಡಿದಳು, ಉಸಿರು ಆಲಿಸಿದಳು. ವಿಷ ಹಿಡಿದ ಗುರುತಾಗಿ ತುಟಿ ಹುಣ್ಣಾಗತೊಡಗಿದಾಗ ಮಾತ್ರ, "ಈಗ," ಎಂದಳು.

ಕೆಂಚಾಂಬೆ ಗುಟುಕು ಗುಟುಕಾಗಿ ಕುಡಿದಳು. ವಾರಗಳ ಮೇಲೆ ಅವಳ ಕೆನ್ನೆಗೆ ಕೆಂಪು ಮರಳಿತು.

ರಾಜ ಅರ್ಧ ರಾಜ್ಯ ಬರೆದುಕೊಟ್ಟ. ರಾಣಿ ಸೊಂಟದಿಂದ ಅಡುಗೆಮನೆಯ ಬೀಗದಕೈ ಬಿಚ್ಚಿ ಆ ನೀಲಿ ಅಂಗೈಯಲ್ಲಿಟ್ಟಳು. "ಅವಳಿಗೆ ಏನು, ಯಾವಾಗ ಉಣಿಸಬೇಕೆಂದು ನೀನೇ ಹೇಳಮ್ಮ," ಎಂದಳು.