ಗೌಡ ಕಿತ್ತುಕೊಂಡು ಹೋದ ಬಾಗಿಲುಗಳು

“ವಸ್ತಾದರೇ, ಓದು ಮುಗಿಸಿ ಹೊರಡುವ ಹುಡುಗರು ಹೋಗುವ ದಿನವೇ ಹೆಡ್‌ಮಾಸ್ತರನನ್ನು ನಗೆಪಾಟಲು ಮಾಡಿದರೆ ಅವರಿಗೆ ಎಂಥ ಶಿಕ್ಷೆ ಕೊಡಬೇಕು?”

ಹೀಗೆ ಕೇಳಿದವನು ರಾಚಪ್ಪ. ಹಿಂದೆ ನನ್ನ ಗರಡಿಯಲ್ಲಿ ಸಾಮು ಮಾಡಿದವನು, ಈಗ ಒಂದು ಹೈಸ್ಕೂಲಿನ ಹೆಡ್‌ಮಾಸ್ತರ. ನಾನು ಅಕ್ಷರ ಕಲಿತವನಲ್ಲ. ಆದರೆ ಅಕ್ಷರ ಕಲಿತ ಎಷ್ಟೋ ಜನರ ಬೆನ್ನಿಗೆ ಮಣ್ಣು ತಾಗಿಸಿದ್ದೇನೆ. ಅದಕ್ಕೇ ಅವರು ಕಷ್ಟ ಬಂದಾಗ ನನ್ನ ಹತ್ತಿರ ಬರುತ್ತಾರೆ.

“ಏನು ಮಾಡಿದರು?” ಎಂದೆ.

ಅವನು ಹೇಳಿದ. ಹತ್ತನೆಯ ತರಗತಿಯ ಹುಡುಗರನ್ನು ಬೀಳ್ಕೊಡುವ ಸಮಾರಂಭ ಇತ್ತು. ಊರಿನ ದೊಡ್ಡವರು ಬಂದಿದ್ದರು, ಮೇಲಿನ ಸಾಹೇಬರೂ ಬಂದಿದ್ದರು. ಗಂಟೆ ಬಾರಿಸಿ ಕಾರ್ಯಕ್ರಮ ಶುರು ಮಾಡುವುದು ಆ ಶಾಲೆಯ ಪದ್ಧತಿ. ರಾಚಪ್ಪ ತಾನೇ ಸುತ್ತಿಗೆ ಎತ್ತಿ ಹೊಡೆದ. ಢಣ್ ಎನ್ನಬೇಕಾದದ್ದು ಪಚಕ್ ಎಂದಿತು. ಹುಡುಗರು ಗಂಟೆ ಇಳಿಸಿ, ಕುಂಬಳಕಾಯಿಗೆ ಕಪ್ಪು ಬಣ್ಣ ಬಳಿದು ಅದರ ಜಾಗದಲ್ಲಿ ತೂಗುಹಾಕಿದ್ದರು. ತಿರುಳು ರಾಚಪ್ಪನ ಬಿಳಿ ಅಂಗಿಯ ಮೇಲೆ ಬಿತ್ತು. ಬೀಜಗಳು ಸಾಹೇಬರ ಕನ್ನಡಕದ ಮೇಲೆ ಕೂತವು. ಊರೇ ನಕ್ಕಿತು.

“ಗಂಟೆ ಎಲ್ಲಿ ಹೋಯಿತು?”

“ಮರುದಿನ ಅವರೇ ತಂದು ಕಟ್ಟಿದರು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಕೆಳಗೆ ಬಿದ್ದ ತಿರುಳನ್ನೂ ತೊಳೆದರು. ಆದರೆ ನನ್ನ ಮಾನ ತೊಳೆದು ಕೊಡುವವರು ಯಾರು? ಆ ಹುಡುಗರ ಹಾಲ್ ಟಿಕೆಟ್‌ಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಬಿಟ್ಟೆ.” ಅವನು ಕೀಲಿ ಇಟ್ಟಿದ್ದ ಅಂಗಿಯ ಕಿಸೆ ತಟ್ಟಿ ತೋರಿಸಿದ. “ನಾಳೆ ಪರೀಕ್ಷೆ. ಅವರ ತಾಯಂದಿರು ಶಾಲೆಯ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಾರೆ. ಬಿಟ್ಟರೆ ಸದರ ಕೊಟ್ಟ ಹಾಗೆ. ಬಿಡದಿದ್ದರೆ ಹುಡುಗರ ಒಂದು ವರ್ಷ ಹೋಗುತ್ತದೆ.”

“ಬೈದೆಯಾ ಅವರನ್ನು?”

“ಛೆ, ನಾನು ಹೆಡ್‌ಮಾಸ್ತರ. ಬಾಯಿ ಹೊಲಸು ಮಾಡಿಕೊಳ್ಳಲಿಲ್ಲ. ಒಂದು ಮಾತೂ ಆಡಲಿಲ್ಲ.”

ಹೊರಗೆ ಓಣಿಯಲ್ಲಿ ಹುಡುಗರು ಕಾಮನ ಹುಣ್ಣಿಮೆಯ ಚರ್ಮದ ಹಲಗೆ ಬಡಿಯುತ್ತಿದ್ದರು. ನಾನು ಅವನನ್ನು ಕೂಡಿಸಿಕೊಂಡು ಈ ಕತೆ ಹೇಳಿದೆ.

ಒಂದು ಊರು. ಆ ಊರಿಗೆ ಒಬ್ಬ ಗೌಡ.

ಕಾಮನ ಹುಣ್ಣಿಮೆಗೆ ಕಟ್ಟಿಗೆ, ಸೆಗಣಿಯ ಕುಳ್ಳು ಕದಿಯುವುದು ಹುಡುಗರ ಹಕ್ಕು. ಬಾಯಿ ತುಂಬ ಬೈಯುವುದು ಮನೆಯವರ ಹಕ್ಕು. ಹುಡುಗರು ಹಲಗೆ ಬಡಿಯುತ್ತಾ ಬರಬೇಕು, ಬೈಸಿಕೊಳ್ಳುತ್ತಾ ಹೋಗಬೇಕು. ಬೈಗುಳ ಮುಗಿಯಿತೋ, ಕಳವೂ ಮುಗಿಯಿತು. ಆಮೇಲೆ ಯಾರ ಮನಸ್ಸಿನಲ್ಲೂ ಏನೂ ಉಳಿಯಕೂಡದು. ಇದು ಎಲ್ಲ ಊರಲ್ಲೂ ಇದ್ದದ್ದೇ. ಆದರೆ ಆ ಊರಿನ ಹುಡುಗರು ಕಾಮನನ್ನು ಸುಡಲು ಕೂಡಿಸುವಂಥ ರಾಶಿ ಬೇರೆ ಎಲ್ಲಿಯೂ ಇರಲಿಲ್ಲ. ಅದರ ತುದಿಯಲ್ಲಿ ಕೂತ ಹದ್ದು ಕೆಳಗಿನ ಊರನ್ನು ಇಲಿಯೆಂದು ತಿಳಿದು ಎರಗುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ.

ಗೌಡನಿಗೆ ಒಂದು ಕುರ್ಚಿ ಇತ್ತು. ಅದರ ಮೇಲೆ ಕೂತೇ ಅವನು ನ್ಯಾಯ ಹೇಳುತ್ತಿದ್ದ. ಅವನು ಅದರಲ್ಲಿ ಕೂತರೆ ಊರಿನ ನಾಯಿಗಳು ಬೊಗಳುವುದನ್ನು ಬಿಟ್ಟು ಬಾಲ ಮಡಚಿಕೊಳ್ಳುತ್ತಿದ್ದವು. ಒಂದು ವರ್ಷ ಹುಡುಗರು ಆ ಕುರ್ಚಿಯನ್ನೇ ಹೊತ್ತುಕೊಂಡು ಹೋದರು. ರಾಶಿಯ ತುದಿಗೆ ಏರಿಸಿದರು. ಅದರಲ್ಲಿ ಹುಲ್ಲಿನ ಕಾಮಣ್ಣನನ್ನು ಕೂಡಿಸಿದರು. ಕಾಮಣ್ಣನ ತಲೆಗೆ ರುಮಾಲು ಸುತ್ತಿದರು, ಮೂಗಿನ ಕೆಳಗೆ ಹೋತದ ಕೂದಲಿನ ಮೀಸೆ ಅಂಟಿಸಿದರು. ಗೌಡನ ಮೀಸೆಯೂ ಹಾಗೆಯೇ ಇತ್ತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗೌಡ ಬಂದು ನೋಡಿದ. ಹುಡುಗರು ಬೆಂಕಿ ಇಡುವ ಮೊದಲೇ ಕುರ್ಚಿ ಇಳಿಸಿದರು. ಒರೆಸಿದರು. ಹಲಗೆ ಬಡಿಯುತ್ತಾ ಮೆರವಣಿಗೆ ಮಾಡಿ ಅವನ ಪಡಸಾಲೆಯಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟರು. ಆಮೇಲೆ ಸಾಲಾಗಿ ತಲೆ ಬಗ್ಗಿಸಿ ನಿಂತರು.

“ಗೌಡ್ರೇ, ಬೈರಿ. ನಿಮ್ಮ ಪಾಳಿ” ಎಂದ ಒಬ್ಬ.

ಗೌಡ ಬೈಯಲಿಲ್ಲ. ಮೀಸೆ ಒರೆಸಿಕೊಂಡು ಒಳಗೆ ಹೋದ. ಕುರ್ಚಿ ಹಿಂದಕ್ಕೆ ಬಂದಿತ್ತು. ಊರು ನಕ್ಕ ನಗು ಹಿಂದಕ್ಕೆ ಹೋಗಿರಲಿಲ್ಲ.

ಮರುದಿನ ಜನ ಹೊಲಕ್ಕೆ ಹೋದಾಗ ಗೌಡ ಆಳುಗಳನ್ನು ಕಳಿಸಿದ. ಯಾವ ಯಾವ ಮನೆಯ ಹುಡುಗ ಹಲಗೆ ಹಿಂದೆ ಹೋಗಿದ್ದನೋ ಆ ಮನೆಯ ಬಾಗಿಲು ಕೀಳಿಸಿದ. ಯಾವ ಮನೆಯ ಹುಡುಗ ತಾನೇ ಹೋಗಿರಲಿಲ್ಲ? ಊರಿಗೆ ಊರೇ ಬೋಳಾಯಿತು. ಬಾಗಿಲುಗಳೆಲ್ಲ ಗೌಡನ ಮನೆಯ ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಕೂತವು. ಹುಡುಗರು ಬಂದು ಕಾಲು ಹಿಡಿಯುವವರೆಗೆ ಕೊಡುವುದಿಲ್ಲ ಎಂದು ಡಂಗುರ ಸಾರಿಸಿದ.

ಹುಡುಗರು ಹೋಗಲಿಲ್ಲ. ಕುರ್ಚಿ ಕೊಟ್ಟಾಗಿದೆ, ಬೈಸಿಕೊಳ್ಳಲು ನಿಂತಾಗಿದೆ, ಇನ್ನು ಕಾಲು ಯಾಕೆ ಎಂದರು. ಗೌಡನೂ ಜಗ್ಗಲಿಲ್ಲ. ಊರಿನಲ್ಲಿ ನಾಯಿಗಳು ಯಾರದೋ ಮನೆಯ ರೊಟ್ಟಿ ತಿಂದು ಯಾರದೋ ಮನೆಯಲ್ಲಿ ಮಲಗಿದವು. ಒಂದು ಕತ್ತೆ ಒಬ್ಬನ ಹಾಸಿಗೆಯಲ್ಲಿ ಮಲಗಿ ಎದ್ದು ಹೋಯಿತು. ಅವನ ಹೆಂಡತಿಗೆ ಸಂಜೆಯವರೆಗೂ ಅದು ಗೊತ್ತಾಗಲಿಲ್ಲ.

ಒಬ್ಬ ಮುದುಕಿ ಮಾತ್ರ ಗೌಡನ ಮನೆಗೆ ಬಂದಳು.

“ಗೌಡಾ, ನನ್ನ ಸೊಸೆ ಬಾಣಂತಿ. ಕೂಸಿಗೆ ಗಾಳಿ ಬಡಿದು ಕೆಮ್ಮು ಹತ್ತಿದೆ. ನನ್ನ ಬಾಗಿಲು ಕೊಡು.”

“ನಿನ್ನ ಮೊಮ್ಮಗನನ್ನು ಕಳಿಸು. ಕಾಲು ಹಿಡಿಯಲಿ.”

“ಅವನು ಒಯ್ದದ್ದು ಒಂದು ಕುರ್ಚಿ. ಹಲಗೆ ಬಡಿದು ಒಯ್ದ, ಹಲಗೆ ಬಡಿದು ತಂದ. ನೀನು ಒಯ್ದದ್ದು ಬಾಣಂತಿಯ ಬಾಗಿಲು. ಅದೂ ಸದ್ದಿಲ್ಲದೆ. ಇದರಲ್ಲಿ ಕಳವು ಯಾವುದು?”

“ಅವನು ಮಾಡಿದ್ದು ಕಳವು. ನಾನು ಗೌಡ. ನಾನು ಮಾಡಿದರೆ ಅದು ಶಿಕ್ಷೆ.”

ಮುದುಕಿ ನಕ್ಕಳು. ಬಾಗಿಲಿಲ್ಲದ ಮನೆಗೆ ಹೋಗಿ ತನ್ನ ಸೀರೆಯನ್ನು ಅಡ್ಡ ಕಟ್ಟಿ, ಮೊಮ್ಮಗನನ್ನು ಹೊಸ್ತಿಲ ಮೇಲೆ ಕೂಡಿಸಿ, “ಇನ್ನು ನೀನೇ ಬಾಗಿಲು” ಎಂದಳು. ಅದನ್ನು ನೋಡಿ ಉಳಿದ ಹುಡುಗರೂ ತಮ್ಮ ತಮ್ಮ ಹೊಸ್ತಿಲ ಮೇಲೆ ಕೂತರು. ಹೀಗೆ ಆ ಊರಿನಲ್ಲಿ ಹುಡುಗರೇ ಬಾಗಿಲಾದರು.

ಆಗ ಕಳ್ಳರು ಬಂದರು. ಸಾಮಾನ್ಯ ಕಳ್ಳರಲ್ಲ. ನಡುಮಧ್ಯಾಹ್ನ ಬರುವವರು, ನಿಂತವನ ಕಾಲಿನ ಚಪ್ಪಲಿ ಕದ್ದರೆ ಅವನಿಗೆ ಮನೆಗೆ ಹೋದ ಮೇಲೆ ತಿಳಿಯುವಂಥವರು. ಊರಿನ ಹೊರಗೆ ನಿಂತು ನೋಡಿದರು. ಯಾವ ಮನೆಗೂ ಬಾಗಿಲಿಲ್ಲ.

“ಬಾಗಿಲೇ ಇಲ್ಲದ ಮನೆಯಲ್ಲಿ ಇನ್ನೇನು ಇದ್ದೀತು?” ಎಂದ ಒಬ್ಬ ಕಳ್ಳ.

“ಅಗೋ, ಒಂದು ಮನೆಗೆ ಇದೆ” ಎಂದ ಇನ್ನೊಬ್ಬ.

ನೆಟ್ಟಗೆ ಗೌಡನ ಮನೆಗೆ ಹೋದರು. ಹಿತ್ತಾಳೆಯ ಗುಬ್ಬಿಮೊಳೆ ಬಡಿದ ಬಾಗಿಲನ್ನು ಹಪ್ಪಳದಂತೆ ಮುರಿದರು. ಊಟ ಮಾಡಿ ಮಲಗಿದ್ದ ಗೌಡನನ್ನು ಅದೇ ಕುರ್ಚಿಗೆ ಕಟ್ಟಿ ಹಾಕಿದರು. ಬಂಗಾರ ಕಟ್ಟಿಕೊಂಡರು, ಬೆಳ್ಳಿ ಕಟ್ಟಿಕೊಂಡರು. ಕೊನೆಗೆ ಹಿಂದಿನ ಕೋಣೆ ತೆರೆದು ನೋಡಿ ಬೆರಗಾದರು.

“ಇವನು ನಮಗಿಂತ ದೊಡ್ಡ ಕಳ್ಳ ಕಣೋ. ನಾವು ಬಾಗಿಲು ಮುರಿದು ಮನೆಯ ಸಾಮಾನು ಒಯ್ಯುತ್ತೇವೆ. ಇವನು ಸಾಮಾನು ಬಿಟ್ಟು ಬಾಗಿಲನ್ನೇ ತಂದಿದ್ದಾನೆ!”

ಹಾಗೆಂದು ಗೌಡನಿಗೆ ಕೈ ಮುಗಿದರು.

ಗೌಡ ಕೂಗಿಕೊಂಡ. ಬಾಗಿಲುಗಳಿದ್ದರೆ ಆ ಕೂಗು ಯಾರಿಗೂ ಕೇಳುತ್ತಿರಲಿಲ್ಲ. ಒಂದು ಬಾಗಿಲೂ ಇಲ್ಲದ್ದರಿಂದ ಅದು ಪ್ರತಿ ಮನೆಯನ್ನೂ ಹೊಕ್ಕು ಹಿತ್ತಲಿನಿಂದ ಹೊರಬಿದ್ದಿತು. ಹೊಸ್ತಿಲ ಮೇಲಿದ್ದ ಹುಡುಗರು ಎದ್ದರು. ಹಲಗೆ ತೆಗೆದುಕೊಂಡರು. ಅವರು ಬಡಿದ ಬಡಿತಕ್ಕೆ ಗೌಡನ ಮನೆಯ ಮಾಳಿಗೆಯ ಮಣ್ಣು ಉದುರಿತು. ಕಳ್ಳರು ದಂಡು ಬಂತೆಂದು ತಿಳಿದು ಗಂಟು ಬಿಟ್ಟು ಓಡಿದರು. ಇವತ್ತಿಗೂ ಓಡುತ್ತಲೇ ಇದ್ದಾರಂತೆ.

ಮುದುಕಿಯ ಮೊಮ್ಮಗ ಗೌಡನ ಕಟ್ಟು ಬಿಚ್ಚಿದ. ಹುಡುಗರು ಮತ್ತೆ ಸಾಲಾಗಿ ನಿಂತರು. ತಲೆ ಬಗ್ಗಿಸಿದರು.

“ಗೌಡ್ರೇ, ಈಗಾದರೂ ಬೈರಿ” ಎಂದ ಅವನು.

ಗೌಡ ಅವರನ್ನು ನೋಡಿದ. ಹಿಂದಿನ ಕೋಣೆಯನ್ನು ನೋಡಿದ. ಆಮೇಲೆ ಬಾಯಿ ತೆರೆದ. ಅವನ ಹೊಟ್ಟೆಯಲ್ಲಿ ಅಷ್ಟು ದಿನ ಕೊಳೆತದ್ದೆಲ್ಲ ಹೊರಗೆ ಬಂತು. ಅವನ ಬೈಗುಳದ ಕಾವಿಗೆ ಪಕ್ಕದ ಮನೆಯ ಹಾಲು ಒಲೆಯಿಲ್ಲದೆ ಉಕ್ಕಿತು. ಹುಡುಗರು ಒಂದನ್ನೂ ಕೆಳಗೆ ಬೀಳಿಸದೆ ಕೇಳಿಸಿಕೊಂಡರು. ಬೈದು ಮುಗಿಸಿದಾಗ ಗೌಡ ಹಗುರಾಗಿದ್ದ. ನಕ್ಕ.

“ಹಲಗೆ ಬಡೀರಿ” ಎಂದ.

ಮುಂದೆ ಹಲಗೆ, ಹಿಂದೆ ಗೌಡ. ಮುದುಕಿಯ ಬಾಗಿಲನ್ನು ಮೊದಲು ಒಯ್ದ, ತನ್ನ ತಲೆಯ ಮೇಲೆ ತಾನೇ ಹೊತ್ತು. ಅದನ್ನು ಅದರ ಚೌಕಟ್ಟಿಗೆ ಕೂಡಿಸಿ, ತಲೆ ಬಗ್ಗಿಸಿ ಅಂಗಳದಲ್ಲಿ ನಿಂತ.

“ಬೈಯವ್ವಾ. ನಿನ್ನ ಪಾಳಿ.”

ಮುದುಕಿ ಸೆರಗು ಸಿಕ್ಕಿಸಿಕೊಂಡಳು. ನಿನ್ನ ಮೀಸೆಗೆ ಬೆಂಕಿ ಬೀಳಲಿ ಎಂದು ಶುರು ಮಾಡಿ ಅವನ ಏಳು ತಲೆಮಾರಿನವರನ್ನೂ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಬೈದಳು. ಬೈದು ದಣಿದ ಮೇಲೆ ಅವನಿಗೆ ಬಿಸಿ ರೊಟ್ಟಿ ಕೊಟ್ಟಳು. ಆ ಊರಿನಲ್ಲಿ ಆಮೇಲೆ ಯಾರೂ ಆ ಕುರ್ಚಿಯನ್ನು ನೋಡಿ ನಗಲಿಲ್ಲ.

ಕತೆ ಮುಗಿಯಿತು. ರಾಚಪ್ಪ ಬಹಳ ನಕ್ಕ. ಕಣ್ಣೀರು ಒರೆಸಿಕೊಳ್ಳುತ್ತಾ, “ಎಂಥ ದಡ್ಡ ಗೌಡ, ವಸ್ತಾದರೇ! ಒಂದು ಕುರ್ಚಿಯ ಸಿಟ್ಟಿಗೆ ಊರಿನ ಬಾಗಿಲು ಕಿತ್ತವನು!” ಎಂದ.

ನಾನು ಕೇಳಿದೆ: “ನಿನ್ನ ಕಿಸೆಯಲ್ಲಿರುವ ಕೀಲಿ ಯಾರ ಮನೆಯ ಬಾಗಿಲಿನದು, ರಾಚಪ್ಪಾ?”

ಅವನ ನಗು ಅಲ್ಲಿಗೇ ನಿಂತಿತು.