ಕೇಳದೆ ಕೊಟ್ಟ ಹಾಡು

ಕಬ್ಬಿನ ಸೀಮೆಯ ಒಂದು ಊರಿನಲ್ಲಿ, ಸಕ್ಕರೆ ಕಾರ್ಖಾನೆಯ ಹೆಬ್ಬಾಗಿಲಿಗೆ ಎದುರಾಗಿ, ಕಾಡಪ್ಪನೆಂಬವನ ಪುಟ್ಟ ಅಂಗಡಿಯೊಂದಿದ್ದಿತು. ಮೊಬೈಲು ದುರಸ್ತಿಯೆಂಬುದು ಹಲಗೆಯ ಮೇಲೆ ಬರೆಸಿದ ಕಸುಬು. ಅವನನ್ನು ಹೆಸರುವಾಸಿ ಮಾಡಿದ ಕಸುಬು ಹಾಡು ತುಂಬಿಕೊಡುವುದು. ಕಬ್ಬು ನುರಿಸುವ ಕಾಲ ಬಂದಿತೆಂದರೆ ಆ ಹೆಬ್ಬಾಗಿಲ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವುವು. ಸರದಿ ಬರುವತನಕ ಚಾಲಕರಿಗೆ ಹಾಡೇ ಸಂಗಾತಿ. ಅವರು ತಮ್ಮ ಪೆನ್‌ಡ್ರೈವನ್ನು ಕಾಡಪ್ಪನ ಕೈಗಿತ್ತು, "ಹೊಸಾವು ಏನ್ ಬಂದಾವ ನೋಡಿ ಹಾಕಪಾ" ಎಂದು ಚಹಾ ಕುಡಿಯಲು ಹೋಗುವರು.

ಆ ಸೀಮೆಯಲ್ಲಿ ಹಾಡುಗಾರರಿಗೆ ಕೊರತೆಯಿಲ್ಲ. ಕುರಿ ಕಾಯುವವನು ಹಾಡು ಕಟ್ಟುವನು, ಕಬ್ಬು ಕಡಿಯುವವಳು ಕಟ್ಟುವಳು. ಕಟ್ಟಿದುದನ್ನು ಮೊಬೈಲಿನಲ್ಲಿ ಹಿಡಿದು, ಡೋಲು ಹಾರ್ಮೋನಿಯಂ ಕೂಡಿಸಿ ಲೋಕಕ್ಕೆ ಬಿಡುವರು. ಹೀಗೆ ದಿನ ಬೆಳಗಾದರೆ ಹೊಸ ಹಾಡುಗಳು ಹುಟ್ಟುತ್ತಿರಲು, ಯಾವುದು ಕೇಳತಕ್ಕದ್ದು, ಯಾವುದು ಬಿಡತಕ್ಕದ್ದು ಎಂಬುದನ್ನು ಹೇಳಬಲ್ಲವನೊಬ್ಬನು ಬೇಕಾಗಿದ್ದನು. ಆ ಒಬ್ಬನೇ ಕಾಡಪ್ಪ.

ಅವನ ಅಂಗಡಿಗೆ ಒಂದು ಪದ್ಧತಿಯಿದ್ದಿತು. ತುಂಬಿಕೊಟ್ಟ ಹಾಡುಗಳಲ್ಲಿ ಮೊದಲನೆಯದನ್ನು ಗಿರಾಕಿಯು ಆರಿಸುವಂತಿಲ್ಲ. ಅದು ಕಾಡಪ್ಪನೇ ಹುಡುಕಿ ಆರಿಸಿದ ಹೊಸ ಹಾಡು. ಚಾಲಕರು ಅದನ್ನು 'ಕಾಡಪ್ಪನ ಬೋಣಿಗಿ' ಎಂದು ಕರೆಯುವರು. ಅದಕ್ಕಾಗಿ ಅವನು ಮುಂಜಾನೆ ಬಾಗಿಲು ಎತ್ತುವ ಮೊದಲು ಮೆಟ್ಟಿಲ ಮೇಲೆ ಕುಳಿತು, ಒಂದು ಹೊಸ ಹಾಡನ್ನು ಮೊದಲಿನಿಂದ ಕಡೆಯ ನುಡಿಯವರೆಗೆ ಕೇಳುತ್ತಿದ್ದನು. ಆ ಸೀಮೆಯ ಹಾಡುಗಳಲ್ಲಿ ಕಟ್ಟಿದವರ ಹೆಸರೂ ಊರೂ ಕಡೆಯ ನುಡಿಯಲ್ಲಿಯೇ ಬರುವುದು ವಾಡಿಕೆ. ಆದುದರಿಂದ ಪೆನ್‌ಡ್ರೈವನ್ನು ಹಿಂದಿರುಗಿಸುವಾಗ ಅವನು, "ಬೋಣಿಗಿ ಹಾಡು ಇಂಥಾ ಊರಿನ ಇಂಥಾಕಿದು, ಕೇಳು" ಎಂದು ಹೆಸರು ಹಿಡಿದು ಹೇಳುವನು. ಹೇಳುವಾಗ ಅವನ ಮುಖದಲ್ಲಿ, ಹೊಸ ನೆಂಟನನ್ನು ಪರಿಚಯ ಮಾಡಿಸುವವನ ಸಂತೋಷವಿರುತ್ತಿದ್ದಿತು.

ಕಾಲಕ್ರಮದಲ್ಲಿ ಅವನ ಕೀರ್ತಿ ಸುತ್ತಲ ಊರುಗಳಿಗೆ ಹಬ್ಬಿತು. ಹಾಡು ಕಟ್ಟಿದವರೆಲ್ಲರೂ ಅವನಿಗೇ ಕಳುಹಿಸತೊಡಗಿದರು. ಎಲ್ಲವನ್ನೂ ಪೂರ್ತಿಯಾಗಿ ಕೇಳಲು ಅವನಿಗೆ ಬಿಡುವು ಸಾಲದಾಯಿತು. ಮೊದಮೊದಲು ಕಡೆಯ ನುಡಿಯನ್ನು ಬಿಟ್ಟನು, ಬಳಿಕ ಅರ್ಧಕ್ಕೆ ಇಳಿದನು. ಕೊನೆಕೊನೆಗೆ ರಾಗವೆತ್ತಿ ಡೋಲಿನ ಮೊದಲ ಪೆಟ್ಟು ಬಿದ್ದೊಡನೆ ನಿಲ್ಲಿಸಿ, ತಲೆದೂಗಿ, ಹಾಡಿನ ಹಣೆಬರಹವನ್ನು ನಿರ್ಣಯಿಸಿಬಿಡುತ್ತಿದ್ದನು. ಮನಸ್ಸು ಒಮ್ಮೊಮ್ಮೆ ಚುಚ್ಚಿದರೆ, "ಕಬ್ಬು ಸಿಹಿ ಐತೋ ಇಲ್ಲೋ ನೋಡಾಕ ಒಂದು ಗಣಿಕಿ ಕಡದರ ಸಾಕು, ಇಡೀ ಜಲ್ಲಿ ತಿನ್ನಬೇಕೇನು?" ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವನು. ಪೆನ್‌ಡ್ರೈವ್ ಕೊಡುವಾಗ ಹೆಸರು ಹೇಳುವುದು ಮಾತ್ರ ನಿಂತುಹೋಯಿತು. "ಹೊಸಾದು, ಭಾರಿ ಐತಿ" ಎನ್ನುವುದಷ್ಟೇ ಉಳಿಯಿತು. ಅದನ್ನು ಯಾರೂ ಗಮನಿಸಲಿಲ್ಲ.

ಹೀಗಿರಲು ಒಂದು ಸಂಜೆ ಬಾಳೇಶನೆಂಬ ಚಾಲಕನು ನಾಚುತ್ತ ಬಂದು ನಿಂತನು.

"ಅಣ್ಣಾ, ನಾಳೆ ಕೆಂಚನಹಾಳಕ್ಕ ಹೊಂಟೇವಿ. ನನ್ನ ನಿಶ್ಚಯ ಐತಿ. ಬೀಗರ ಓಣಿಯೊಳಗ ಟ್ರ್ಯಾಕ್ಟರ್ ಹೊಕ್ಕ ಕೂಡ್ಲೆ ನಿನ್ನ ಬೋಣಿಗಿ ಹಾಡು ಹಚ್ಚಾಂವ ನಾನು. ಒಂದು ಛಲೋದು ಹಾಕು."

"ಆಹಾ, ಮದುಮಗಾ! ಈಗಲೇ ಮಾರಿ ತುಂಬ ಅರಿಷಿಣ ಹತ್ತೇತಲ್ಲೋ!"

"ಚಾಷ್ಟಿ ಬ್ಯಾಡಣ್ಣಾ. ಹುಡುಗಿ ಒಪ್ಪ್ಯಾಳ ಖರೆ, ಅಕಿ ಸೋದರಮಾವ ಸಿದರಾಯಗ ಇನ್ನೂ ಮನಸ್ಸಿಲ್ಲ. ಕೂದಲೆಳಿಯಷ್ಟು ನೆಪ ಸಿಕ್ಕರೂ ಸಾಕು ಅವಗ, ಮುರದ ಬಿಡ್ತಾನ. ಹಾಡು ಪೂರಾ ಕೇಳೀಯಲಾ?"

ಆ ಹೊತ್ತಿನಲ್ಲಿ ಕಾಡಪ್ಪನ ಕೈಗೆ ಸಿಕ್ಕಿದ ಹಾಡು ಅಂದೇ ಬಂದುದು. ಹೆಣ್ಣುಕಂಠ, ತುಂಬು ರಾಗ. ಡೋಲಿನ ಪೆಟ್ಟೂ ಎದೆಗೆ ನಾಟುವಂತಿದ್ದಿತು. ಅಷ್ಟನ್ನೇ ಅವನು ಕೇಳಿದ್ದನು.

"ಕೇಳದ ಕೊಡಾಂವೇನೋ ನಾನು?" ಎಂದನು ಕಾಡಪ್ಪ. "ಬೀಗರು ಮೂಗಿನ ಮ್ಯಾಲ ಬೆರಳ ಇಟ್ಕೋಬೇಕು, ಅಂಥಾ ಹಾಡು. ಹೋಗು."

ಬಾಳೇಶನು ನಂಬಿ ಹೋದನು.

ಮರುದಿನ ಮಧ್ಯಾಹ್ನ ಅದೇ ಬಾಳೇಶನು, ಹೊಸ ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರದೋ ಬೈಕಿನ ಮೇಲೆ ಅಂಗಡಿಯ ಮುಂದೆ ಬಂದಿಳಿದನು.

"ಹತ್ತಣ್ಣಾ ಗಾಡಿ. ನನ್ನ ಲಗ್ನ ಮುರದು ಬಿತ್ತು."

ಕಾಡಪ್ಪನು ಕಂಪ್ಯೂಟರಿನ ಕಡೆಗೆ ತಿರುಗುವಷ್ಟರಲ್ಲಿ ಬಾಳೇಶನು ಅವನ ತೋಳು ಹಿಡಿದೆಳೆದು ಬೈಕಿನ ಮೇಲೆ ಕೂರಿಸಿದ್ದನು. ದಾರಿಯುದ್ದಕ್ಕೂ ಗಾಳಿಯನ್ನು ಮೀರಿಸಿ ಕೂಗುತ್ತ ನಡೆದುದನ್ನು ಹೇಳಿದನು. ಟ್ರ್ಯಾಕ್ಟರು ಬೀಗರ ಬಾಗಿಲ ಮುಂದೆ ನಿಂತಿತು, ಹಾಡು ಮೊಳಗಿತು, ಓಣಿಯೆಲ್ಲ ಕೂಡಿತು. ಡೋಲಿನ ಹಿಂದೆಯೇ ಬಂದ ನುಡಿಯಿದು:

"ಕೆಂಚನಹಾಳದ ಊರಿನ ಹೆಣ್ಣ,
ನಾಲಿಗಿ ಅಂದ್ರ ಮೆಣಸಿನ ಹಣ್ಣ!"

ಬೈಕು ಓಡಿಸುತ್ತಲೇ ಬಾಳೇಶನು ಮುಂದುವರಿಸಿದನು:

"ಸಿದರಾಯ ಬಂದು ಟೇಪ್ ಆರಿಸಿದ. 'ನಮ್ಮ ಊರಿಗೆ ಬಂದು ನಮ್ಮ ಹೆಣ್ಣಮಕ್ಕಳನ್ನ ಬೈಯೂ ಮಂದಿಗೆ ಹೆಣ್ಣ ಕೊಡೂದಿಲ್ಲ' ಅಂತ ವೀಳ್ಯದ ತಾಟು ತಿರುಗಿ ನಮ್ಮವ್ವನ ಕೈಯಾಗ ಇಟ್ಟ. ನಮ್ಮವ್ವ ಟ್ರೇಲಿ ಮ್ಯಾಲ ಕುಂತು ಅಳಾಕತ್ತಾಳ. ಅಣ್ಣಾ, ಈ ಸೀಮಿಯೊಳಗ ಹಾಡಿನ ವಿಷಯಕ್ಕ ನಿನ್ನ ಮಾತು ಎಲ್ಲಾರೂ ನಂಬ್ತಾರ. 'ಮುಂದ ಛಲೋ ಐತಿ, ನಾ ಕೇಳೀನಿ' ಅಂದಬಿಡು. ಅಷ್ಟ ಸಾಕು."

ಹಾಡಿನಲ್ಲಿ ಮುಂದೆ ಏನಿದೆಯೆಂಬುದು ಕಾಡಪ್ಪನಿಗೆ ಎಲ್ಲಿಂದ ತಿಳಿಯಬೇಕು?

ಕೆಂಚನಹಾಳದಲ್ಲಿ ಹೆಣ್ಣಿನ ಮನೆಯ ಮುಂದೆ ಎರಡು ಪಂಗಡವಾಗಿ ಜನ ನಿಂತಿದ್ದರು. ನಡುವೆ ಹೂವಿನಿಂದ ಸಿಂಗರಿಸಿದ ಟ್ರ್ಯಾಕ್ಟರು ತಪ್ಪು ಮಾಡಿದ ಎತ್ತಿನಂತೆ ಸುಮ್ಮನಿದ್ದಿತು. ಕಟ್ಟೆಯ ಮೇಲೆ ಹೆಣ್ಣಿನ ಅಜ್ಜಿ ದುಂಡವ್ವ ಕುಳಿತಿದ್ದಳು. ಅವಳ ಪಕ್ಕದಲ್ಲಿ ಸಿದರಾಯನು ಮೀಸೆಯ ಮೇಲೆ ಕೈಯಿಟ್ಟು ನಿಂತಿದ್ದನು.

"ಬಂದ ನೋಡ್ರಿ ಹಾಡಿನ ಸಾವಕಾರ!" ಎಂದನು ಸಿದರಾಯ. "ಏನಪಾ, ಇದ ಏನು ನಿನ್ನ ಬೋಣಿಗಿ?"

ದುಂಡವ್ವ ಕೈಯೆತ್ತಿ ಅವನನ್ನು ಸುಮ್ಮನಿರಿಸಿ, ಕಾಡಪ್ಪನನ್ನು ನೋಡಿ ಒಂದೇ ಮಾತು ಕೇಳಿದಳು:

"ತಮ್ಮಾ, ಈ ಹಾಡು ಕಟ್ಟಿದವರು ಯಾರು?"

ಎಷ್ಟು ಸಣ್ಣ ಪ್ರಶ್ನೆ! ಒಂದು ಕಾಲದಲ್ಲಿ ಶಾಲೆಯ ಮಗುವು ಮಗ್ಗಿ ಒಪ್ಪಿಸುವಂತೆ ಅವನು ಇದಕ್ಕೆ ಉತ್ತರ ಕೊಡುತ್ತಿದ್ದನು. ಹಿಂದಿನಿಂದ ಬಾಳೇಶನು ಅಂಗಿಯ ತುದಿಯನ್ನು ಜಗ್ಗುತ್ತಿದ್ದನು. 'ಕೇಳೀನಿ' ಎಂಬ ಒಂದು ಮಾತು ಆಡಿದರೆ ತನ್ನ ಹೆಸರೂ ಉಳಿಯುವುದು, ಬಹುಶಃ ಹುಡುಗನ ಮದುವೆಯೂ ಉಳಿಯುವುದು. ಹಾಗೆ ಆಡಿದ ಮೇಲೆ ಕಡೆಯ ನುಡಿಯಲ್ಲಿ ಇನ್ನೂ ಕೆಟ್ಟ ಬೈಗುಳವಿದ್ದರೋ? ಟ್ರೇಲರಿನ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿ ಕುಳಿತ ಬಾಳೇಶನ ತಾಯಿ ಅವನ ಕಣ್ಣಿಗೆ ಬಿದ್ದಳು. ಅವಳಿಗೆ ಎರಡನೆಯ ಸಲವೂ ಸುಳ್ಳನ್ನೇ ಕೊಡುವುದಕ್ಕೆ ಅವನ ಮನಸ್ಸು ಒಪ್ಪಲಿಲ್ಲ.

"ಗೊತ್ತಿಲ್ಲವ್ವಾ," ಎಂದನು ಕಾಡಪ್ಪ. "ನಾ ಹಾಡು ಪೂರಾ ಕೇಳಿಲ್ಲ. ಡೋಲು ಬೀಳೂತನಕ ಅಷ್ಟ ಕೇಳಿದ್ದೆ. ಕೇಳೀನಿ ಅಂತ ಈ ಹುಡುಗಗ ಸುಳ್ಳ ಹೇಳಿದೆ. ತಪ್ಪು ನಂದು, ಅವಂದಲ್ಲ."

ಬಾಳೇಶನ ಕೈಯಿಂದ ಅಂಗಿಯ ತುದಿ ಜಾರಿತು. ಬಳಿಕ ಸಿದರಾಯನು ಗಹಗಹಿಸಿ ನಕ್ಕನು.

"ಕೇಳ್ರಿ! ಇಡೀ ಸೀಮಿಗೆ ಹಾಡು ಉಣಸಾಂವ ತಾನ ರುಚಿ ನೋಡೂದಿಲ್ಲಂತ!"

"ನೀ ಭಾಳ ನಗಬ್ಯಾಡ ಸಿದ್ದಾ," ಎಂದಳು ದುಂಡವ್ವ. "ನೀನೂ ಎರಡು ಸಾಲಿಗೆ ಆರಿಸಿದಿ. ಅಂವ ಕೇಳದ ಹೊಗಳಿದ, ನೀ ಕೇಳದ ಬೈದಿ. ಹೆಚ್ಚು ಕಡಿಮಿ ಏನೈತಿ?"

ಆಗ ಒಳಬಾಗಿಲ ಮರೆಯಿಂದ ಒಂದು ದನಿ ಕೇಳಿಸಿತು. ಅದು ಮದುಮಗಳು ಕಸ್ತೂರಿಯದು. "ಅಷ್ಟಕ್ಕೂ ಹಾಡಿನ್ಯಾಗ ಸುಳ್ಳೇನೈತಿ ಮಾಮಾ? ನನ್ನ ನಾಲಿಗಿ ಹೆಂತಾದು ಅಂತ ನಿನಗ ಗೊತ್ತಿಲ್ಲೇನು?"

ಎರಡು ಪಂಗಡದಲ್ಲಿಯೂ ಕೆಲವರು ನಗು ತಡೆಯಲಾರದೆ ಕೆಮ್ಮಿದರು. ದುಂಡವ್ವ ಮಾತ್ರ ನಗದೆ, ಕೋಲಿನಿಂದ ಟ್ರ್ಯಾಕ್ಟರಿನ ಕಡೆ ತೋರಿಸಿದಳು. "ಹಚ್ಚೋ ಹುಡುಗಾ. ಎಲ್ಲಾರೂ ಕೂಡಿ ಕಡೀತನಕ ಕೇಳೂಣು. ಕಡೇ ನುಡಿ ಕೆಟ್ಟದಿದ್ದರ ನಿಮ್ಮ ತಾಟು ತೊಗೊಂಡು ಹೋಗ್ರಿ. ಛಲೋ ಇದ್ದರ ಒಳಗ ಶಾವಿಗಿ ಆರಾಕತ್ತೇತಿ."

ಹಾಡು ಮತ್ತೆ ಮೊದಲಾಯಿತು. ಕಾಡಪ್ಪನು ಟ್ರೇಲರಿನ ಅಂಚನ್ನು ಹಿಡಿದು ನಿಂತು ಕೇಳಿದನು. ಅವನು ಹಾಗೆ ಕೇಳಿ ಬಹಳ ಕಾಲವಾಗಿದ್ದಿತು. ಎರಡನೆಯ ನುಡಿಯಲ್ಲಿ ಆ ಊರಿನ ಹೆಣ್ಣು ಅತ್ತೆಯನ್ನು ಮೂಲೆಗೆ ಕೂರಿಸಿದಳು. ಮೂರನೆಯದರಲ್ಲಿ ಗಂಡನ ಕಿವಿ ಹಿಂಡಿದಳು. ಸಿದರಾಯನ ಮುಖ ಇನ್ನಷ್ಟು ಕೆಂಪೇರಿತು; ಬಾಳೇಶನು ಕಣ್ಣು ಮುಚ್ಚಿಕೊಂಡನು. ಡೋಲು ಒಮ್ಮೆ ನಿಂತಿತು. ಹಾರ್ಮೋನಿಯಂ ತಗ್ಗಿತು. ಆ ಹೆಣ್ಣುಕಂಠವೊಂದೇ ಮೆಲ್ಲನೆ ಎದ್ದಿತು:

"ಮೆಣಸಿನಕಾಯಿ ಬೀಳದ ಸಾರ
ಯಾರ ಬಾಯಿಗೆ ರುಚಿ ಆದೀತ?
ಕೆಂಚನಹಾಳದ ಹೆಣ್ಣ ಬರದ
ಮನಿ ಹ್ಯಾಂಗ ಮನಿ ಆದೀತ?

ಹಾಡ ಕಟ್ಟಿದಾಕಿ ಲಗಮವ್ವ,
ಅದ ಊರ ಕುಂಬಾರ ಓಣಿ ಮಗಳ;
ತವರ ಬೈದರ ನಾನ ಬೈಬೇಕ,
ಮಂದಿ ಬೈದರ ನೋಡ ಜಗಳ!"

"ಅಯ್ಯ, ನಮ್ಮ ಲಗಮಿ!" ಎಂದು ದುಂಡವ್ವ ತೊಡೆ ತಟ್ಟಿಕೊಂಡಳು. "ಕುಂಬಾರ ಓಣಿ ಲಗಮಿ ಅಲ್ಲೇನ ಇದು! ನನ್ನ ಕೈಯಾಗ ಆಡಿದ ಕೂಸು. ಲಗ್ನಾಗಿ ಹೋದರೂ ಹಾಡೂದು ಬಿಟ್ಟಿಲ್ಲ ಹಡಬಿಟ್ಟಿ!"

ಓಣಿಯೆಲ್ಲ ಒಮ್ಮೆಲೆ ನಕ್ಕಿತು. ಆ ನಗೆಯಲ್ಲಿ ಸಿದರಾಯನ ಮೀಸೆಯೂ ಅಲುಗಿತು. ತವರಿನ ಮಗಳು ತವರನ್ನು ಹಾಸ್ಯ ಮಾಡಿದರೆ ಕೋಪಿಸಿಕೊಳ್ಳಲು ಅವನಿಗೆ ಅಧಿಕಾರವೆಲ್ಲಿಯದು? ಅವನೇ ಹೋಗಿ ಬಾಳೇಶನ ತಾಯಿಯ ಕೈಯಿಂದ ವೀಳ್ಯದ ತಾಟನ್ನು ಹಿಂದಕ್ಕೆ ತೆಗೆದುಕೊಂಡು, "ಬರ್ರಿ ಬೀಗತಿ, ಶಾವಿಗಿ ಆರತಾವ" ಎಂದನು. ಆ ತಾಯಿ ಅಳುತ್ತಲೇ ನಕ್ಕಳು.

ಕಾಡಪ್ಪನು ಟ್ರ್ಯಾಕ್ಟರಿನ ಗಾಲಿಗೆ ಒರಗಿ ನೆಲದ ಮೇಲೆಯೇ ಕುಳಿತನು. ದುಂಡವ್ವ ಶಾವಿಗೆಯ ಬಟ್ಟಲನ್ನು ತಾನೇ ತಂದು ಅವನ ಮುಂದಿಟ್ಟಳು.

"ಉಣ್ಣು ತಮ್ಮಾ. ಆದರ ಒಂದು ನೆನಪಿಡು. ಇವತ್ತ ನಿನ್ನ ಉಳಿಸಿದಾಕಿ ಲಗಮಿ, ನೀ ಅಲ್ಲ."

"ಖರೆ ಐತವ್ವಾ," ಎಂದನು ಕಾಡಪ್ಪ. "ಒಂದು ಗಣಿಕಿ ಕಡದರ ಸಾಕು ಅಂದ್ಕೊಂಡಿದ್ದೆ. ತುದಿ ಕಡದು ಕುಂತಿದ್ದೆ. ಸಿಹಿ ಬುಡದಾಗ ಇತ್ತು."

ಅಂದಿನಿಂದ ಕಾಡಪ್ಪನು ಮತ್ತೆ ಮುಂಜಾನೆ ಮೆಟ್ಟಿಲ ಮೇಲೆ ಕುಳಿತು ಕೇಳತೊಡಗಿದನು. ಬಂದ ಹಾಡುಗಳೆಲ್ಲವನ್ನೂ ಕೇಳುವುದು ಅವನಿಂದಾಗಲಿಲ್ಲ. ಆಗದೆಂಬುದನ್ನು ಮುಚ್ಚಿಡಲೂ ಇಲ್ಲ. ಚಾಲಕರು "ಇದು ಹ್ಯಾಂಗೈತಣ್ಣಾ?" ಎಂದು ಕೇಳಿದರೆ, ಅನೇಕ ಸಲ "ಇನ್ನೂ ಕೇಳಿಲ್ಲೋ" ಎನ್ನುವನು. ಮೊದಲು ಅವರು ನಕ್ಕರು. ಕೆಲವರು ಬೇರೆ ಅಂಗಡಿಗೂ ಹೋದರು. ಕ್ರಮೇಣ ಅವರಿಗೆ ಒಂದು ಸಂಗತಿ ಹೊಳೆಯಿತು: 'ಕೇಳಿಲ್ಲ' ಎನ್ನಬಲ್ಲವನು 'ಕೇಳೀನಿ' ಎಂದಾಗ ಆ ಮಾತಿಗೆ ತೂಕವಿರುತ್ತದೆ. ಹೋದವರು ತಿರುಗಿ ಬಂದರು.

ಆ ವರ್ಷದ ಕಬ್ಬಿನ ಕಾಲ ಮುಗಿಯುವವರೆಗೆ ಕಾಡಪ್ಪನ ಬೋಣಿಗಿ ಬದಲಾಗಲಿಲ್ಲ. ಪ್ರತಿಯೊಬ್ಬ ಚಾಲಕನಿಗೂ ಪೆನ್‌ಡ್ರೈವ್ ಕೊಡುವಾಗ ಅವನು ಹೀಗೆ ಹೇಳುತ್ತಿದ್ದನು: "ಕೆಂಚನಹಾಳದ ಕುಂಬಾರ ಓಣಿಯ ಲಗಮವ್ವನ ಹಾಡು. ಪೂರಾ ಕೇಳೀನಿ. ನೀನೂ ಕಡೀತನಕ ಆರಿಸಬ್ಯಾಡ, ಇಲ್ಲಾಂದ್ರ ಏಟು ತಿಂದೀ."

ನೀತಿ: ತಾನು ಕಡೆಯವರೆಗೆ ಅರಿಯದುದನ್ನು ಇನ್ನೊಬ್ಬರಿಗೆ ಒಳ್ಳೆಯದೆಂದು ಒಪ್ಪಿಸಬಾರದು, ಕೆಟ್ಟದೆಂದು ತಳ್ಳಲೂಬಾರದು. ನಮ್ಮ ಮಾತನ್ನು ನಂಬಿದವನು ತನ್ನ ಮಾನವನ್ನೇ ನಮ್ಮ ಕೈಯಲ್ಲಿಟ್ಟಿರುತ್ತಾನೆ. ತಿಳಿಯದಿದ್ದಾಗ 'ತಿಳಿಯದು' ಎನ್ನುವವನ ಹೊಗಳಿಕೆಗೆ ಮಾತ್ರ ಬೆಲೆಯುಂಟು.